ಕಾಲೇಜು ಬದಲಿಸಿದ ವಿದ್ಯಾರ್ಥಿನಿಗೆ ಅರ್ಪಿಸಿದ ಬಿನ್ನವತ್ತಳೆ

ಮಾನ್ಯ ಸಭಾಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಪ್ರಾಂಶುಪಾಲರೇ, ಪರೀಕ್ಷಾ ವಿಭಾಗದ ಅಧೀಕ್ಷಕರೇ, ಟಪಾಲು ಶಾಖೆಯ ಮಹನೀಯರೇ, ಹಾಗೂ ಮುಂದಿನ ಸಾಲಿನಲ್ಲಿ ಆಸೀನರಾಗಿರುವ ಪೋಷಕ ಬಂಧುಗಳೇ,

ಪದವಿ ವ್ಯಾಸಂಗದ ನಡುವೆ ಒಂದು ಕಾಲೇಜನ್ನು ಬಿಟ್ಟು ಮತ್ತೊಂದನ್ನು ಸೇರಿ, ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಎರಡೂ ಕಡೆಯ ದಾಖಲೆಗಳಲ್ಲಿ ತನ್ನ ಹೆಸರನ್ನೂ ಇನಿಷಿಯಲ್ಲನ್ನೂ ಒಂದೇ ರೂಪದಲ್ಲಿ ಉಳಿಸಿಕೊಂಡ ವಿದ್ಯಾರ್ಥಿಯನ್ನು ಸನ್ಮಾನಿಸುವ ಪದ್ಧತಿ ಈ ನಾಡಿನಲ್ಲಿ ಇದುವರೆಗೆ ಬೆಳೆದುಬಂದಿಲ್ಲವೆಂಬುದು ಉನ್ನತ ಶಿಕ್ಷಣ ಕ್ಷೇತ್ರದ ಒಂದು ಲೋಪವೆಂದೇ ಹೇಳಬೇಕಾಗುತ್ತದೆ. ರ‍್ಯಾಂಕ್ ಗಳಿಸಿದವರಿಗೆ ಚಿನ್ನದ ಪದಕವುಂಟು, ಓಟದಲ್ಲಿ ಗೆದ್ದವರಿಗೆ ಕಪ್ಪುಂಟು. ಆದರೆ ಪರೀಕ್ಷಾ ವಿಭಾಗದ ಮೂರನೆಯ ಕೌಂಟರಿನಿಂದ ಏಳನೆಯ ಕೌಂಟರಿಗೂ, ಅಲ್ಲಿಂದ ಊಟಕ್ಕೆ ಹೋಗಿರುವವರ ಖಾಲಿ ಕುರ್ಚಿಗೂ ನಡೆದವರ ಸಹನೆಯನ್ನು ಅಳೆಯುವ ಮಾನದಂಡವೇ ಇಲ್ಲ. ಆ ಲೋಪವನ್ನು ಸರಿಪಡಿಸಲೆಂದು ಸೇರಿರುವ ಈ ಸಭೆಯು, ಸನ್ಮಾನಿತೆಯ ಗುಣಗಾನದ ಜೊತೆಯಲ್ಲೇ, ಅದೇ ದಾರಿಯಲ್ಲಿ ಬರಲಿರುವವರಿಗೆ ಉಪಯುಕ್ತವಾಗುವ ಕೆಲವು ಸಂಗತಿಗಳನ್ನೂ ದಾಖಲಿಸಲು ಬಯಸುತ್ತದೆ.

ಸನ್ಮಾನಿತೆಯು ಬಿ.ಕಾಂ. ಪದವಿಯ ಮೊದಲೆರಡು ಸೆಮಿಸ್ಟರ್‌ಗಳನ್ನು ಉತ್ತರ ಕರ್ನಾಟಕದ ಒಂದು ಊರಿನಲ್ಲಿ ಓದಿ, ಸರ್ಕಾರಿ ನೌಕರರಾದ ತಂದೆಗೆ ವರ್ಗವಾದ ಕಾರಣ ಮೂರನೆಯ ಸೆಮಿಸ್ಟರ್‌ಗೆ ಹಳೆ ಮೈಸೂರು ಸೀಮೆಯ ಕಾಲೇಜೊಂದನ್ನು ಸೇರಿದವರು. ತಂದೆಯ ವರ್ಗಾವಣೆ ಒಂದು ಪುಟದ ಆದೇಶದಲ್ಲಿ ಮುಗಿಯಿತು. ನೌಕರನಿಗೆ ಹೊಸ ಸ್ಥಳದಲ್ಲಿ ಹಾಜರಾಗಲು ಸೇರಿಕೆ ಕಾಲವೆಂಬ ಅವಧಿಯುಂಟು, ಸಾಮಾನು ಸಾಗಿಸಲು ಭತ್ಯೆಯುಂಟು. ಕೊನೆಯ ಬಾರಿ ಪಡೆದ ಸಂಬಳದ ವಿವರವನ್ನು ತಿಳಿಸುವ ಎಲ್‌ಪಿಸಿ ಎಂಬ ಪತ್ರವನ್ನು ಹಳೆಯ ಕಚೇರಿಯೇ ಹೊಸ ಕಚೇರಿಗೆ ಕಳಿಸಿಕೊಡುತ್ತದೆ, ಸೇವಾ ಪುಸ್ತಕವೂ ಹಿಂದಿನಿಂದ ಬಂದು ಸೇರುತ್ತದೆ. ಅದೇ ಮನೆಯ ಮಗಳ ಪಾಲಿಗೆ ಈ ಕ್ರಮವೆಲ್ಲ ತಿರುವುಮುರುವಾಗಿ, ಕಡತವು ನೌಕರನನ್ನು ಹಿಂಬಾಲಿಸಿದರೆ ವಿದ್ಯಾರ್ಥಿನಿಯು ಕಡತವನ್ನು ಹಿಂಬಾಲಿಸಬೇಕಾಯಿತು. ಮನುಷ್ಯರನ್ನು ಒಂದೂರಿನಿಂದ ಇನ್ನೊಂದೂರಿಗೆ ಕಳಿಸುವ ವಿದ್ಯೆ ಈ ವ್ಯವಸ್ಥೆಗೆ ಚೆನ್ನಾಗಿಯೇ ಗೊತ್ತಿದೆಯೆಂಬುದಕ್ಕೆ ತಂದೆಯೇ ಸಾಕ್ಷಿಯಾಗಿರುವಾಗ, ಆ ವಿದ್ಯೆಯನ್ನು ವಿದ್ಯಾರ್ಥಿಗಳ ಮೇಲೆ ಪ್ರಯೋಗಿಸದಿರುವುದನ್ನು ಸಂಯಮವೆನ್ನಬೇಕೋ ಮರೆವೆನ್ನಬೇಕೋ ಎಂಬ ಪ್ರಶ್ನೆಯನ್ನು ವಿದ್ವಾಂಸರಿಗೆ ಬಿಡುವುದು ಲೇಸು.

ಸನ್ಮಾನಿತೆಯು ಸಂಪಾದಿಸಿದ ಪತ್ರಗಳ ಪೈಕಿ ಮೊದಲನೆಯದು ಬೇಬಾಕಿ ಪತ್ರ. ಕಾಲೇಜಿಗೆ ಯಾವ ಬಾಕಿಯೂ ಇಲ್ಲವೆಂದು ಗ್ರಂಥಾಲಯ, ಕಚೇರಿ, ಹಾಸ್ಟೆಲ್ ಮೊದಲಾದವು ಸಹಿ ಮಾಡಿಕೊಡುವ ಈ ಕಾಗದದಲ್ಲಿ, ಎಂದೂ ಬ್ಯಾಟು ಮುಟ್ಟದವರೂ ದೈಹಿಕ ಶಿಕ್ಷಣ ನಿರ್ದೇಶಕರ ಸಹಿಗಾಗಿ ಮೈದಾನದಲ್ಲಿ ಕಾಯುವುದು ವಾಡಿಕೆ. ಅದರ ಆಧಾರದ ಮೇಲೆ ಕಾಲೇಜು ಕೊಡುವುದು ಟಿ.ಸಿ. ಎಂದೇ ಎಲ್ಲರೂ ಕರೆಯುವ ವರ್ಗಾವಣೆ ಪ್ರಮಾಣಪತ್ರ. ಒಂದು ವಿಶ್ವವಿದ್ಯಾಲಯದ ವ್ಯಾಪ್ತಿಯನ್ನೇ ಬಿಟ್ಟು ಹೋಗುವವರಿಗೆ ವಿಶ್ವವಿದ್ಯಾಲಯ ಕೊಡುವುದು ವಲಸೆ ಪ್ರಮಾಣಪತ್ರ. ಕಳಿಸಲು ತಕರಾರಿಲ್ಲವೆಂದು ಹಳೆಯ ಕಾಲೇಜೂ, ಸೇರಿಸಿಕೊಳ್ಳಲು ತಕರಾರಿಲ್ಲವೆಂದು ಹೊಸ ಕಾಲೇಜೂ ಬರೆದುಕೊಡುವುದು ನಿರಾಕ್ಷೇಪಣಾ ಪತ್ರ. ಈ ಕೊನೆಯದರಲ್ಲಿ ಮೊದಲು ಬರೆಯಬೇಕಾದವರು ಯಾರೆಂಬ ಬಗ್ಗೆ ಎರಡೂ ಕಾಲೇಜುಗಳು ಪರಸ್ಪರ ಗೌರವದಿಂದ ‘ಅವರು ಬರೆಯಲಿ’ ಎಂದು ಬಿಟ್ಟುಕೊಡುವ ಸಂಪ್ರದಾಯವಿರುವುದರಿಂದ, ಹೊಸ ಕಾಲೇಜಿನ ಒಪ್ಪಿಗೆಯನ್ನು ಮೊದಲು ಲಿಖಿತವಾಗಿ ಪಡೆದು, ಆಮೇಲಷ್ಟೇ ಟಿ.ಸಿ.ಗೆ ಅರ್ಜಿ ಹಾಕುವುದು ಕ್ಷೇಮ, ಏಕೆಂದರೆ ಟಿ.ಸಿ. ಕೈಗೆ ಬಂದ ದಿನದಿಂದ ವಿದ್ಯಾರ್ಥಿಯು ಯಾವ ಕಾಲೇಜಿಗೂ ಸೇರಿದವನಲ್ಲ.

ಇಷ್ಟು ಪತ್ರಗಳಿಗೆ ಮೂಲವಾಗಿರುವುದು ವ್ಯಾಪ್ತಿ, ಅಂದರೆ ಯಾವ ಜಿಲ್ಲೆಗಳ ಕಾಲೇಜುಗಳು ಯಾವ ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಡುತ್ತವೆ ಎಂಬ ಗಡಿ. ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯ 1964ರಲ್ಲಿ ಹುಟ್ಟಿದ ಕಾಲದಲ್ಲಿ ಗಡಿ ದಾಟಲು ದೂರ ಪ್ರಯಾಣ ಮಾಡಬೇಕಾಗಿತ್ತು. ಈಗ ಪ್ರಯಾಣವೇ ಬೇಕಿಲ್ಲ. 2017ರ ಸುಮಾರಿಗೆ ಬೆಂಗಳೂರು ವಿಶ್ವವಿದ್ಯಾಲಯ ಮೂರಾಯಿತು, 2023ರಲ್ಲಿ ಹಾಸನ, ಕೊಡಗು, ಹಾವೇರಿ, ಕೊಪ್ಪಳ ಮುಂತಾದ ಏಳು ಹೊಸ ವಿಶ್ವವಿದ್ಯಾಲಯಗಳು ಬಂದವು. ಕಟ್ಟಡವೂ ಬೆಂಚೂ ಇದ್ದಲ್ಲೇ ಇದ್ದು, ಅಂಕಪಟ್ಟಿಯ ತಲೆಯ ಮೇಲಿನ ಹೆಸರು ಬದಲಾಗಿ, ಒಂದೇ ಕಾಲೇಜಿನಲ್ಲಿ ಓದಿದ ಅಕ್ಕತಂಗಿಯರು ಬೇರೆ ಬೇರೆ ವಿಶ್ವವಿದ್ಯಾಲಯಗಳ ಪದವೀಧರೆಯರಾಗುವ ಯೋಗ ಒದಗಿತು. 2025ರಲ್ಲಿ ಹೊಸ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನವನ್ನು ಮುಚ್ಚಬೇಕೆಂದು ಸಂಪುಟ ಉಪಸಮಿತಿಯೇ ಶಿಫಾರಸು ಮಾಡಿದ್ದರಿಂದ, ಕುಳಿತಲ್ಲೇ ಎರಡು ಸಲ ವರ್ಗಾವಣೆಯಾಗುವ ಭಾಗ್ಯವೂ ಅಸಂಭವವಲ್ಲವೆಂದು ಜನರಿಗೆ ತೋರಿತು.

ಸನ್ಮಾನಿತೆಯ ನಿಜವಾದ ಪರಾಕ್ರಮ ಪ್ರಕಟವಾದದ್ದು ಸೆಮಿಸ್ಟರ್ ಮುಗಿಯುವ ಆ ಕೆಲವು ವಾರಗಳಲ್ಲಿ. ಹಳೆಯ ವಿಶ್ವವಿದ್ಯಾಲಯದ ಮೌಲ್ಯಮಾಪನ ಇನ್ನೂ ನಡೆಯುತ್ತಿರುವಾಗಲೇ ಹೊಸ ವಿಶ್ವವಿದ್ಯಾಲಯದ ಪ್ರವೇಶಕ್ಕೆ ಕೊನೆಯ ದಿನಾಂಕ ಬರುತ್ತದೆ. ಅದು ಕಳೆದು ದಂಡ ಸಹಿತ ಕೊನೆಯ ದಿನಾಂಕವಾಗುತ್ತದೆ, ಆಮೇಲೆ ವಿಶೇಷ ದಂಡ ಸಹಿತ ಕೊನೆಯ ದಿನಾಂಕವಾಗುತ್ತದೆ. ಆದರೆ ಫಲಿತಾಂಶಕ್ಕೆ ಮಾತ್ರ ದಂಡ ವಿಧಿಸುವವರಿಲ್ಲದ ಕಾರಣ ಅದು ತನ್ನ ಗತಿಯಲ್ಲೇ ಬರುತ್ತದೆ. ಅಂಕಪಟ್ಟಿಯಿಲ್ಲದೆ ಪ್ರವೇಶವಿಲ್ಲ, ಎಲ್ಲ ವಿಷಯಗಳಲ್ಲೂ ತೇರ್ಗಡೆಯಾಗದವರಿಗೆ ಅನೇಕ ಕಡೆ ವರ್ಗಾವಣೆಯೇ ಇಲ್ಲ, ಮತ್ತು ವರ್ಗಾವಣೆ ಸಾಮಾನ್ಯವಾಗಿ ಮೂರು ಅಥವಾ ಐದರಂತಹ ಬೆಸ ಸೆಮಿಸ್ಟರ್‌ನ ಆರಂಭದಲ್ಲಿ ಮಾತ್ರ ಸಾಧ್ಯವಾದ್ದರಿಂದ, ಈ ಕಿಂಡಿ ತಪ್ಪಿದವರು ಒಂದು ವರ್ಷ ಕಾಯಬೇಕಾಗುತ್ತದೆ. ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶ-ಪರೀಕ್ಷೆಗಳಿಗೆಂದು 2021ರಿಂದ ಯುಯುಸಿಎಂಎಸ್ ಎಂಬ ಏಕೀಕೃತ ತಂತ್ರಾಂಶ ಬಂದಿದೆ. ಎರಡು ವಿಶ್ವವಿದ್ಯಾಲಯಗಳ ಲಾಗಿನ್ನುಗಳು ಒಂದೇ ತಂತ್ರಾಂಶದಲ್ಲಿದ್ದರೂ ಒಂದನ್ನೊಂದು ಮಾತನಾಡಿಸದೆ ಇರಬಲ್ಲವೆಂಬುದನ್ನು ಸನ್ಮಾನಿತೆಯು ಕಣ್ಣಾರೆ ಕಂಡರು.

ಫಲಿತಾಂಶ ಬಂದ ದಿನ ಐದು ವಿಷಯಗಳ ಎದುರು ಅಂಕಗಳಿದ್ದು, ಆರನೆಯದರ ಎದುರು ‘ತಡೆಹಿಡಿಯಲಾಗಿದೆ’ ಎಂಬ ಒಂದು ಮಾತಿತ್ತು. ಕಾರಣವು ಆಂತರಿಕ ಅಂಕದಲ್ಲಿತ್ತು. ಅಂದರೆ ಸೆಮಿಸ್ಟರ್ ನಡೆಯುವಾಗಲೇ ಕಿರುಪರೀಕ್ಷೆ, ಅಸೈನ್‌ಮೆಂಟುಗಳಿಗೆ ಅಧ್ಯಾಪಕರು ಕೊಟ್ಟು ತಂತ್ರಾಂಶಕ್ಕೆ ಏರಿಸಬೇಕಾದ ಅಂಕ. ಆ ವಿಷಯವನ್ನು ಬೋಧಿಸಿದವರು ಅತಿಥಿ ಉಪನ್ಯಾಸಕರು. ಸೆಮಿಸ್ಟರ್ ಮುಗಿದೊಡನೆ ಅವರ ನೇಮಕವೂ ಮುಗಿದು, ನೀಲಿ ಬೈಂಡಿನ ಅಂಕದ ಪುಸ್ತಕ ಅವರ ಚೀಲದಲ್ಲೇ ಅವರೂರಿಗೆ ಹೋಗಿತ್ತು. ತಿಂಗಳುಗಟ್ಟಲೆ ಗೌರವಧನವಿಲ್ಲದೆ ದುಡಿದವರನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಊರು ಬಿಡುವ ಮೊದಲು ಎಲ್ಲ ವಿಷಯಗಳ ಆಂತರಿಕ ಅಂಕವೂ ತಂತ್ರಾಂಶದಲ್ಲಿ ಏರಿದೆಯೇ ಎಂದು ಖುದ್ದಾಗಿ ನೋಡಿ, ಪರದೆಯ ಚಿತ್ರವೊಂದನ್ನು ಫೋನಿನಲ್ಲಿ ಇಟ್ಟುಕೊಳ್ಳತಕ್ಕದ್ದು ಎಂಬ ನಿಯಮವು ಯಾವ ಕೈಪಿಡಿಯಲ್ಲೂ ಅಚ್ಚಾಗಿಲ್ಲವಾದರೂ, ಅಚ್ಚಾಗಿರುವ ಹಲವು ನಿಯಮಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು. ಮರುಮೌಲ್ಯಮಾಪನಕ್ಕೆ, ಅಂದರೆ ಉತ್ತರಪತ್ರಿಕೆಯನ್ನು ಬೇರೊಬ್ಬರಿಂದ ತಿದ್ದಿಸುವುದಕ್ಕೆ, ಅರ್ಜಿ ಹಾಕುವವರೂ ಅದನ್ನು ಹಳೆಯ ನೋಂದಣಿ ಸಂಖ್ಯೆಯಲ್ಲೇ, ಪ್ರಕಟಿಸಿದ ಅವಧಿಯೊಳಗೇ ಮಾಡಬೇಕಾದ್ದರಿಂದ ಹೊಸ ಊರಿನ ಮನೆ ಹುಡುಕುವ ಗಡಿಬಿಡಿಯಲ್ಲಿ ಅದನ್ನು ಮರೆಯಬಾರದು.

ಹೊಸ ಕಾಲೇಜಿನಲ್ಲಿ ಕಾದಿದ್ದದ್ದು ಶಾರ್ಟೇಜ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಹಾಜರಾತಿ ಕೊರತೆ. ಪದವಿ ತರಗತಿಗಳಲ್ಲಿ ಸಾಮಾನ್ಯವಾಗಿ ಪ್ರತಿ ವಿಷಯಕ್ಕೂ ಶೇ. 75ರಷ್ಟು ಹಾಜರಾತಿ ಬೇಕು; ವಾರಕ್ಕೆ 4 ಗಂಟೆಯಂತೆ 15 ವಾರ ನಡೆಯುವ ವಿಷಯಕ್ಕೆ 60 ತರಗತಿಗಳಾಗಿ, ಅದರಲ್ಲಿ 15ನ್ನು ತಪ್ಪಿಸಿಕೊಳ್ಳಬಹುದು. ಪತ್ರಗಳಿಗಾಗಿ ಮೂರು ವಾರ ತಡವಾಗಿ ಸೇರಿದವರಿಗೆ 12 ತರಗತಿ ಮೊದಲೇ ಖರ್ಚಾಗಿ, ಉಳಿದ 3ರಲ್ಲಿ ಜ್ವರ, ಜಾತ್ರೆ, ಸೋದರಮಾವನ ಮಗಳ ಮದುವೆ ಎಲ್ಲವೂ ನಡೆಯಬೇಕಾಗುತ್ತದೆ. ಎಂಜಿನಿಯರಿಂಗ್ ಓದುವವರ ಪಾಡು ಇನ್ನೂ ಬಿಗಿ. 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಬೇಕಾದದ್ದು ಶೇ. 85. ಪ್ರವೇಶ ಪಡೆದ ದಿನದಿಂದ ಹಾಜರಾತಿಯನ್ನು ಲೆಕ್ಕ ಹಾಕುವಂತೆ ಸೇರಿದ ವಾರದಲ್ಲೇ ಪ್ರಾಂಶುಪಾಲರಿಗೆ ಅರ್ಜಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡವರಿಗೆ ಹಾಲ್ ಟಿಕೆಟ್ ಹಂಚುವ ದಿನ ಹೇಳಿಕೊಳ್ಳಲು ಒಂದು ಆಧಾರವಿರುತ್ತದೆ.

ಇನ್ನು ಕ್ರೆಡಿಟ್ಟಿನ ಮಾತು. ಹದಿನೈದು ಗಂಟೆಗಳ ಪಾಠಕ್ಕೆ ಒಂದರಂತೆ ಸಲ್ಲುವ ಈ ಕ್ರೆಡಿಟ್‌ಗಳನ್ನು ಜಮಾ ಮಾಡಿಡಲು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2021ರಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂಬ ಖಾತೆಯನ್ನು ಆರಂಭಿಸಿತು. ಜಮಾ ಆದದ್ದು ಏಳು ವರ್ಷದವರೆಗೆ ಊರ್ಜಿತದಲ್ಲಿರುತ್ತದೆ. ಸನ್ಮಾನಿತೆಯ ಖಾತೆಯಲ್ಲೂ ಕ್ರೆಡಿಟ್‌ಗಳಿದ್ದವು. ಆದರೆ ಖಾತೆಯು ಎಷ್ಟು ಎಂಬುದನ್ನಷ್ಟೇ ಹೇಳುತ್ತದೆ. ಯಾವುದು ಯಾವುದಕ್ಕೆ ಸಮ ಎಂಬುದನ್ನು ಹೇಳಬೇಕಾದದ್ದು ಅಧ್ಯಯನ ಮಂಡಳಿ, ಅಂದರೆ ಆಯಾ ವಿಷಯದ ಪಠ್ಯಕ್ರಮ ರೂಪಿಸುವ ಅಧ್ಯಾಪಕರ ಸಮಿತಿ. ಹಳೆಯ ಕಾಲೇಜಿನಲ್ಲಿ ಎರಡನೆಯ ಸೆಮಿಸ್ಟರ್‌ನಲ್ಲಿ ಕಲಿತ ವೆಚ್ಚ ಲೆಕ್ಕಶಾಸ್ತ್ರವು ಹೊಸ ಕಾಲೇಜಿನಲ್ಲಿ ನಾಲ್ಕನೆಯದಕ್ಕೆ ನಿಗದಿಯಾಗಿದ್ದರೆ, ಬಲ್ಲದ್ದನ್ನೇ ಮತ್ತೆ ಕಲಿಯುವುದೂ, ಇಲ್ಲಿಯವರು ಆಗಲೇ ಮುಗಿಸಿದ್ದನ್ನು ಹೆಚ್ಚುವರಿ ಪತ್ರಿಕೆಯಾಗಿ ಬರೆಯುವುದೂ ಒಟ್ಟಿಗೆ ನಡೆಯಬೇಕಾಗುತ್ತದೆ. ಕರ್ನಾಟಕವು 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪದವಿ ಕ್ರಮವನ್ನು ಎಲ್ಲರಿಗಿಂತ ಮೊದಲು ತಂದು, ರಾಜ್ಯದ್ದೇ ಶಿಕ್ಷಣ ನೀತಿ ರೂಪಿಸಲು ನೇಮಿಸಿದ ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿಯ ಮೇರೆಗೆ 2024-25ರಿಂದ ಮೂರು ವರ್ಷದ ಪದವಿಗೆ ಮರಳಿದ್ದರಿಂದ, ನಡುವೆ ಒಂದು ವರ್ಷ ನಿಂತು ಬಂದವರಿಗೆ ಹಳೆಯ ಪಠ್ಯಕ್ರಮದ ಸಹಪಾಠಿಗಳೂ ಇಲ್ಲದೆ, ಹೊಸದರ ಪತ್ರಿಕೆಗಳೂ ಹೊಂದದೆ ಹೋಗುವುದುಂಟು. ಹಳೆಯ ಪಠ್ಯಕ್ರಮದ ಪ್ರತಿಯನ್ನು ಪ್ರತಿ ಪುಟಕ್ಕೂ ಮೊಹರು ಹಾಕಿಸಿ ತಂದವರ ಕೆಲಸ ಮಂಡಳಿಯ ಮುಂದೆ ಬೇಗ ಆಗುತ್ತದೆ. ಅದಿಲ್ಲದವರು ಅದನ್ನು ತರಲೆಂದೇ ಮತ್ತೆ ರೈಲು ಹತ್ತುತ್ತಾರೆ.

ಹಣದ ವಿಷಯ ಚಿಕ್ಕದು. 2018ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಹೊರಡಿಸಿದ ಅಧಿಸೂಚನೆಯಂತೆ ಯಾವ ಕಾಲೇಜೂ ವಿದ್ಯಾರ್ಥಿಯ ಮೂಲ ಪ್ರಮಾಣಪತ್ರಗಳನ್ನು ತನ್ನಲ್ಲಿ ಇಟ್ಟುಕೊಳ್ಳುವಂತಿಲ್ಲ, ನೋಡಿ ಹಿಂದಿರುಗಿಸಬೇಕು. ಪ್ರವೇಶದ ಕೊನೆಯ ದಿನಾಂಕ ಕಳೆದು 15 ದಿನದೊಳಗೆ ಬಿಟ್ಟವರಿಗೆ ಶುಲ್ಕದ ಶೇ. 80, 15 ದಿನ ದಾಟಿ 30 ದಿನದೊಳಗೆ ಬಿಟ್ಟವರಿಗೆ ಶೇ. 50 ಮರಳಬೇಕು, ಅದನ್ನೂ ದಾಟಿದರೆ ಏನೂ ಇಲ್ಲ. ಈ ಅಧಿಸೂಚನೆಯ ಪ್ರತಿಯೊಂದನ್ನು ಕೈಯಲ್ಲಿ ಹಿಡಿದು ಮಾತನಾಡುವವರಿಗೆ ಕಚೇರಿಯಲ್ಲಿ ಕುರ್ಚಿ ಸಿಗುತ್ತದೆಂಬುದು ಸನ್ಮಾನಿತೆಯ ಸಂಶೋಧನೆ.

ಕೊನೆಯಲ್ಲಿ ವಂದನಾರ್ಪಣೆ. ವಿಶ್ವವಿದ್ಯಾಲಯದ ಗೇಟಿನೆದುರಿನ ಜೆರಾಕ್ಸ್ ಅಂಗಡಿಯ ಮಾಲೀಕರು ಯಾವ ಅರ್ಜಿಗೆ ಯಾವ ಚಲನ್, ಯಾವ ನಮೂನೆ ಹಳೆಯದಾಯಿತು, ಯಾವ ಗುಮಾಸ್ತರು ಯಾವ ದಿನ ರಜೆ ಎಂಬುದನ್ನೆಲ್ಲ ಕುಲಸಚಿವರ ಸುತ್ತೋಲೆಗಿಂತ ಮೊದಲೇ ಬಲ್ಲವರಾಗಿದ್ದು, ಸನ್ಮಾನಿತೆಯ ವಲಸೆ ಪ್ರಮಾಣಪತ್ರದ ಅರ್ಜಿಯಲ್ಲಿ ತಪ್ಪಾಗಿದ್ದ ಶುಲ್ಕದ ಶೀರ್ಷಿಕೆಯನ್ನು ತಾವೇ ತಿದ್ದಿಕೊಟ್ಟ ಮಹಾನುಭಾವರು. ಅವರನ್ನೂ ಇದೇ ವೇದಿಕೆಯಲ್ಲಿ ಗೌರವಿಸಬೇಕೆಂಬುದು ಸಮಿತಿಯ ಒಮ್ಮತದ ತೀರ್ಮಾನವಾಗಿತ್ತಾದರೂ, ಇಂದು ವಿಶೇಷ ದಂಡ ಸಹಿತ ಅರ್ಜಿಗೆ ಕೊನೆಯ ದಿನವಾಗಿರುವುದರಿಂದ ಅವರಿಗೆ ಅಂಗಡಿ ಬಿಟ್ಟು ಬರಲಾಗಿಲ್ಲ.