ಭಾವನ ಕೋವಿ

ನಮ್ಮ ಭಾವ ಬಸವನಗುಡಿಯಲ್ಲಿದ್ದಷ್ಟು ದಿನ ಬಲ್ಬು ಬದಲಾಯಿಸಲೂ ಎದುರುಮನೆ ಹುಡುಗನನ್ನು ಕೂಗುತ್ತಿದ್ದರು. ಈಗ ಪೆನ್ಸಿಲ್ವೇನಿಯಾದಲ್ಲಿ ಕೂತು ಕೈಯಾರೆ ರೈಫಲ್ ಮಾಡಲು ಹೊರಟಿದ್ದಾರೆ. ಜಿಂಕೆ ಬೇಟೆಗೆಂದು ಎಷ್ಟೋ ಶಾಲೆಗಳು ರಜೆಯನ್ನೇ ಕೊಡುವ ಸೀಮೆ ಅದು, ಗಾಳಿ ಸೋಕದಿರುತ್ತದೆಯೇ? ಹಾಗಂತ ಜಿಂಕೆಗಳು ಹೆದರಬೇಕಿಲ್ಲ. ಶನಿವಾರ ಈರುಳ್ಳಿ ಕೂಡ ಮುಟ್ಟದ ಮನುಷ್ಯ.

"ಭಾವ, ಜೈಲು ಗೀಲು?" ಎಂದೆ. ನಮ್ಮಲ್ಲಿ 1959ರ ಆಯುಧ ಕಾಯ್ದೆ ಲೈಸೆನ್ಸಿಲ್ಲದೆ ರಿಪೇರಿಗೂ ಬಿಡುವುದಿಲ್ಲ.

"ಇಲ್ಲಿ ಸ್ವಂತಕ್ಕೆ ಮಾಡಿಕೊಂಡರೆ ಕೇಂದ್ರದ ಕಾನೂನು ಬೇಡ ಅನ್ನೋದಿಲ್ಲ ಕಣೋ. ಕೆಂಟಕಿ ರೈಫಲ್ ಅಂತಾರಲ್ಲ, ಅದನ್ನು ಹದಿನೆಂಟನೇ ಶತಮಾನದಲ್ಲಿ ಮಾಡುತ್ತಿದ್ದದ್ದು ಇಲ್ಲೇ ಲ್ಯಾಂಕಾಸ್ಟರ್ ಸುತ್ತಿನ ಜರ್ಮನ್ ಕುಶಲಿಗರು!"

ಅವರ ಕಾಲದಲ್ಲಿ ಬಲ್ಬು ಇರಲಿಲ್ಲ. ಪುಣ್ಯವಂತರು.

ಭಾವನಿಗೆ ಗುರು ಪಕ್ಕದ ಮನೆಯ ಮುದುಕ, ಲೇತ್ ಮೇಲೆ ಆಯುಷ್ಯ ಸವೆಸಿದವನು. ಭಾವ ಹಳೆಯ ಮೌಸರ್ 98 ಒಂದನ್ನು ಮುಂದಿಟ್ಟು, ನಳಿಕೆ ಬದಲಿಸೋಣವೇ ಎಂದರಂತೆ. ಮುದುಕ ಕೋವಿ ನೋಡಲಿಲ್ಲ, ಭಾವನ ಸ್ಕ್ರೂಡ್ರೈವರ್ ನೋಡಿ ನಕ್ಕ. ನಮ್ಮ ಮನೆಗಳ ಸ್ಕ್ರೂಡ್ರೈವರಿನ ತುದಿ ಬೆಣೆಯ ಹಾಗೆ ಇಳಿಜಾರು. ಬಲ ಹಾಕಿದರೆ ಮೇಲಕ್ಕೆ ಜಾರಿ ಸ್ಕ್ರೂವಿನ ಸೀಳನ್ನು ಕಿತ್ತುಹಾಕುತ್ತದೆ. ಕೋವಿ ಕೆಲಸದವರದ್ದು ತುದಿಯಲ್ಲಿ ಎರಡೂ ಬದಿ ಸಮ, ಸೀಳಿನ ಉದ್ದಗಲಕ್ಕೆ ಭರ್ತಿ ಕೂರಬೇಕು. ಹೀಗೆ ಮೊದಲ ವರ್ಷವೆಲ್ಲ ಬಿಚ್ಚುವುದು, ಒರೆಸುವುದು, ಮತ್ತೆ ಜೋಡಿಸುವುದು. ಮಿಕ್ಕ ಸ್ಕ್ರೂಗಳ ಲೆಕ್ಕ ನನಗೆ ಹೇಳಲಿಲ್ಲ.

ಎರಡನೇ ವರ್ಷ ಮರ. ವಾಲ್‌ನಟ್ ಹಿಡಿಗೆ ಅಗಸೆ ಎಣ್ಣೆಯನ್ನು ತೆಳ್ಳಗೆ ಹಚ್ಚಿ, ಅಂಗೈಯಿಂದ ತಿಕ್ಕಿ, ಒಣಗಿಸಿ, ಮತ್ತೆ ತಿಕ್ಕಬೇಕು. ದೀಪಾವಳಿಗೂ ತಲೆಗೆ ಎಣ್ಣೆ ಒತ್ತಿಸಿಕೊಳ್ಳದವರು ವಾರಗಟ್ಟಲೆ ಮರಕ್ಕೆ ಅಭ್ಯಂಜನ ಮಾಡಿಸಿದರು. ಆಮೇಲೆ ಹಿಡಿತಕ್ಕೆಂದು ವಜ್ರಾಕಾರದ ಗೀರು: ಅಂಗುಲಕ್ಕೆ 20 ಗೆರೆ, ಒಂದು ಸೊಟ್ಟಗಾದರೆ ಪಕ್ಕದ್ದೂ ಸೊಟ್ಟಗೆ. ರದ್ದಿ ಮರದ ಮೇಲೆ ಕಲಿತುಕೋ ಎಂದನಂತೆ ಮುದುಕ. ಭಾವ ಅಡುಗೆಮನೆಯಿಂದ ರದ್ದಿ ಮರ ಹುಡುಕಿ ತಂದರು. ಅಂದಿನಿಂದ ಅಕ್ಕನ ಚಪಾತಿಯ ಮೇಲೆಲ್ಲ ವಜ್ರಗಳು.

ಕುದುರೆಯ ಹತ್ತಿರ ಮಾತ್ರ ಇನ್ನೂ ಬಿಟ್ಟಿಲ್ಲ. ಟ್ರಿಗರಿಗೆ ಕನ್ನಡದಲ್ಲಿ ಕುದುರೆ ಎಂದು ಹೆಸರಿಟ್ಟವರು ಭಾವನಂಥ ಸವಾರರನ್ನು ಕಂಡೇ ಇಟ್ಟಿರಬೇಕು. ನಳಿಕೆ ಇನ್ನೂ ದೂರ. ಅಲ್ಲಿ ತೋಟಾ ಕೂರುವ ಜಾಗವನ್ನು ಅಂಗುಲದ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ ಅಳೆಯುತ್ತಾರೆ. ಅದಕ್ಕೆ 'ಗೋ', 'ನೋ-ಗೋ' ಎಂಬ ಎರಡು ಗೇಜುಗಳು: ಮೊದಲನೆಯದರ ಮೇಲೆ ಬೋಲ್ಟು ಮುಚ್ಚಲೇಬೇಕು, ಎರಡನೆಯದರ ಮೇಲೆ ಮುಚ್ಚಲೇಬಾರದು. ತಪ್ಪಿದರೆ ಏಟು ಬೀಳುವುದು ಜಿಂಕೆಗಲ್ಲ.

"ಗೇಜು ತರಿಸಿದಿರಾ ಭಾವ?"

"ಗೋ ಬಂದಿದೆ ಕಣೋ..."

ಹಿಂದಿನಿಂದ ಅಕ್ಕನ ದನಿ: "ರೀ, ಮಿಕ್ಸಿ ಬಿಚ್ಚಿಟ್ಟು ನಾಲ್ಕು ದಿನವಾಯ್ತು. ದೋಸೆಗೆ ರುಬ್ಬೋದು ನಿಮ್ಮ ಮೌಸರಿನಲ್ಲೇನು?"

ಭಾವ ಫೋನಿಟ್ಟರು. ನೋ-ಗೋ ಬೇರೆ ತರಿಸುವ ಖರ್ಚಿಲ್ಲ.