ಶೌರ್ಯ ವಿದ್ಯುತ್ ಘಟಕ

ಹೊಳೆದಂಡೆಯ ಆ ಊರಿನ ಹೆಸರು ಬೇಡ. ಟೆಂಡರ್ ಪ್ರಕಟಣೆಯಲ್ಲೂ ಅದು ತಪ್ಪಾಗಿಯೇ ಅಚ್ಚಾಗಿತ್ತು. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂವರೂ ಒಟ್ಟಿಗೇ ಉಕ್ಕಿ ಬಂದಾಗ ಅಲ್ಲಿನ ಸರ್ಕಾರಿ ಶಾಲೆಯೇ ಕಾಳಜಿ ಕೇಂದ್ರ. ಹಿಂದೆ ಇದಕ್ಕೆ ಗಂಜಿ ಕೇಂದ್ರ ಅನ್ನುತ್ತಿದ್ದರು. ಗಂಜಿಯನ್ನಾದರೆ ಸೌಟಿನಲ್ಲಿ ಅಳೆಯಬಹುದು, ಕಾಳಜಿಗೆ ಆ ರಗಳೆಯಿಲ್ಲ. ಕರೆಂಟು ಹೋಗಿ, ನಾಲ್ಕನೇ ತರಗತಿ ಕೋಣೆಯಲ್ಲಿ ಮೊಬೈಲ್ ಬೆಳಕು ಹಿಡಿದು ಅನ್ನ ಬಡಿಸಿದರು. ಆಮೇಲೆ ಯಾರಿಗೋ ಹೊಳೆಯಿತು: ಶಾಲೆಗೆ ಸೋಲಾರ್ ಹಾಕಿಸೋಣ. ಒಳ್ಳೆಯ ಯೋಚನೆ. ಟೆಂಡರ್ ಕರೆಯುವವರೆಗೆ ಯಾವ ಯೋಚನೆ ಕೆಟ್ಟದ್ದಿದೆ ಹೇಳಿ?

ಫ್ಲೋರಿಡಾದಲ್ಲಿ ಚಂಡಮಾರುತಕ್ಕೆ ಆಶ್ರಯತಾಣವಾಗುವ ನೂರಕ್ಕೂ ಹೆಚ್ಚು ಶಾಲೆಗಳಿಗೆ 10 ಕಿಲೋವ್ಯಾಟ್ ಸೋಲಾರ್ ಹಾಕಿಸಿದಾಗ ಜೊತೆಗೆ ಬ್ಯಾಟರಿಯನ್ನೂ ಇಟ್ಟಿದ್ದರು. ನಮ್ಮ ಎಸ್ಟಿಮೇಟಿನಲ್ಲೂ ಇತ್ತು. ಪ್ರೀ-ಬಿಡ್ ಸಭೆಯಲ್ಲಿ ಚಹಾ, ಖಾರಾ ಮುಗಿಯುವ ಹೊತ್ತಿಗೆ 'ಬ್ಯಾಟರಿ'ಯ ಹಿಂದೆ 'ಅಗತ್ಯವಿದ್ದಲ್ಲಿ' ಎಂಬ ಒಂದೇ ಒಂದು ಪದ ಬಂದು ಕೂತಿತು.

ಆ ಪದದ ಬೆಲೆ ಗುತ್ತಿಗೆದಾರರಿಗೆ ಗೊತ್ತು. ಬ್ಯಾಟರಿಯಿಲ್ಲದ ಆನ್-ಗ್ರಿಡ್ ಇನ್ವರ್ಟರ್, ಲೈನಿನಲ್ಲಿ ಕರೆಂಟು ಹೋದ ಕ್ಷಣ ತಾನೂ ಕಣ್ಣು ಮುಚ್ಚುತ್ತದೆ. ಕಂಬ ಹತ್ತಿದ ಲೈನ್‌ಮನ್ ಜೀವ ಉಳಿಯಲಿ ಎಂದು ಅದನ್ನು ಮಾಡಿರುವುದೇ ಹಾಗೆ. ಅಂದರೆ ಕರೆಂಟು ಇದ್ದಾಗ ಮಾತ್ರ, ಅದೂ ಹಗಲು ಹೊತ್ತು, ಕರೆಂಟು ಕೊಡುವ ಯಂತ್ರ. ನೆರೆಯ ರಾತ್ರಿಗೆ ಇದಕ್ಕಿಂತ ಹೊಂದುವ ವಸ್ತು ಇನ್ನೆಲ್ಲಿ ಸಿಕ್ಕೀತು!

ಸಭೆಯಲ್ಲಿ ಹಿಂದಿನ ಸಾಲಿನಿಂದ ಮುಖ್ಯೋಪಾಧ್ಯಾಯಿನಿ ಎದ್ದು ಕೇಳಿದರು: "ಸಾಹೇಬ್ರ, ಕರೆಂಟ್ ಹೋದ ಮ್ಯಾಲೂ ಲೈಟ್ ಹತ್ತತಾವೇನ್ರಿ?"

"ಅಕ್ಕೋರ, ಪ್ಯಾನೆಲ್ಲಿಗೆ 25 ವರ್ಷ ಗ್ಯಾರಂಟಿ ಐತ್ರಿ."

ಬಂದದ್ದು ಮೂರು ಬಿಡ್. ಮೂರರಲ್ಲೂ 'ಸೌರ ವಿದ್ಯುತ್' ಎಂಬುದು 'ಶೌರ್ಯ ವಿದ್ಯುತ್' ಎಂದೇ ಟೈಪಾಗಿತ್ತು. ಇಷ್ಟು ಪೈಪೋಟಿ ಇತ್ತೀಚೆಗೆ ಕಂಡೇ ಇರಲಿಲ್ಲ ಎಂದು ಪರಿಶೀಲನಾ ಸಮಿತಿ ಸಂತೋಷಪಟ್ಟಿತು. ಸಾರ್ವಜನಿಕ ಸಂಗ್ರಹಣೆಯ ಪಾರದರ್ಶಕತೆಗೆ ನಮ್ಮಲ್ಲಿ 1999ರ ಕಾಯ್ದೆಯೇ ಇದೆ. ಎಷ್ಟು ಪಾರದರ್ಶಕವೆಂದರೆ, ಆಚೆ ಬದಿಯಲ್ಲಿ ಯಾರು ಕೂತಿದ್ದಾರೆಂಬುದು ಎಲ್ಲರಿಗೂ ಕಾಣುತ್ತದೆ. ಎಲ್ಲರಿಗಿಂತ ಕಡಿಮೆ ದರ ಹಾಕಿ ಎಲ್-1 ಆದವರಿಗೆ ವರ್ಕ್ ಆರ್ಡರ್ ಸಿಕ್ಕಿತು. ಎಲ್-2, ಎಲ್-3 ಆದವರು ಅವರ ಭಾವ ಮತ್ತು ಭಾವನ ಪಾಲುದಾರ.

ಉದ್ಘಾಟನೆ ಬೆಳಿಗ್ಗೆ 11ಕ್ಕೆ, ಸುಡುಬಿಸಿಲಿನಲ್ಲಿ. ಲೈನಿನಲ್ಲಿ ಕರೆಂಟೂ ಇತ್ತು, ಟ್ಯೂಬ್‌ಲೈಟು ಝಗ್ಗನೆ ಹೊತ್ತಿತು. ಚಪ್ಪಾಳೆ, ಶಾಲು, ಫೋಟೊ. ಕಲ್ಲಿನ ಫಲಕದಲ್ಲಿ ಹನ್ನೊಂದು ಹೆಸರು. ಕಪ್ಪುಹಲಗೆಗಿಂತ ಅದೇ ದೊಡ್ಡದು.

ಮುಂದಿನ ಮಳೆಗಾಲಕ್ಕೆ ಮೊದಲು ಮುಖ್ಯೋಪಾಧ್ಯಾಯಿನಿ ಸಂತೆಯಿಂದ ಆರು ಡಜನ್ ಮೇಣದಬತ್ತಿ, ಎರಡು ಕಂದೀಲು ತರಿಸಿ ಕಪಾಟಿನಲ್ಲಿಟ್ಟರು. ದುಡ್ಡು ಅವರ ಕೈಯಿಂದಲೇ ಹೋಯಿತು. ಅದಕ್ಕೆ ಯಾರೂ ಟೆಂಡರ್ ಹಾಕಿರಲಿಲ್ಲ.