ಶಿಳ್ಳೆಯಲ್ಲಿ ಪಂಕ್ತಿಭೇದ

2023ರ ಮಾರ್ಚ್ 3ರ ರಾತ್ರಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗಿನ ನಾಕೌಟ್ ಪಂದ್ಯ. ಬೆಂಗಳೂರು ಎಫ್‌ಸಿಗೆ ಎದುರಾಳಿ ಕೇರಳ ಬ್ಲಾಸ್ಟರ್ಸ್. ತೊಂಬತ್ತು ನಿಮಿಷ ಕಳೆದರೂ ಗೋಲಿಲ್ಲದೆ ಆಟ ಹೆಚ್ಚುವರಿ ಅವಧಿಗೆ ಹೋಯಿತು. 96ನೇ ನಿಮಿಷದಲ್ಲಿ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಕೇರಳದ ಗೋಲ್‌ಕೀಪರ್ ತನ್ನವರನ್ನು ಸಾಲಾಗಿ ನಿಲ್ಲಿಸಿ ಗೋಡೆ ಕಟ್ಟಿಸುವುದರಲ್ಲಿ ಮುಳುಗಿದ್ದ. ಗೋಡೆ ಏಳುವ ತನಕ ಕಾಯುವ ವ್ಯವಧಾನ ಸುನಿಲ್ ಛೆಟ್ರಿಗೆ ಇರಲಿಲ್ಲ. ಯಾರೂ ಕಾಯದ ಗೋಲಿಗೆ ಚೆಂಡನ್ನು ತೇಲಿಸಿಯೇ ಬಿಟ್ಟರು. ರೆಫರಿ ಗೋಲು ಕೊಟ್ಟರು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಹುಡುಗರನ್ನೆಲ್ಲ ಮೈದಾನದಿಂದ ಆಚೆ ಕರೆದುಕೊಂಡು ಹೋದರು, ಮತ್ತೆ ಬರಲಿಲ್ಲ. ಪಂದ್ಯ ಬೆಂಗಳೂರಿನದಾಯಿತು. ಆಮೇಲೆ ಭಾರತದ ಫುಟ್‌ಬಾಲ್ ಫೆಡರೇಷನ್ನು ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು. ಕೋಚ್‌ಗೆ 10 ಪಂದ್ಯಗಳ ನಿಷೇಧ, ಮೇಲೆ 5 ಲಕ್ಷ ದಂಡ. ಕೇರಳದವರ ಪಾಲಿಗೆ ಅದು ಹಗಲುದರೋಡೆ, ನಡೆದದ್ದು ರಾತ್ರಿ ಎಂಬುದೊಂದೇ ತಿದ್ದುಪಡಿ. ಬೆಂಗಳೂರಿನವರ ಪಾಲಿಗೆ ಅದು ಸಮಯಸ್ಫೂರ್ತಿ. ಆ ವಾರ ನಮ್ಮಲ್ಲಿ ಫ್ರೀ ಕಿಕ್ ನಿಯಮವನ್ನು ಅರೆದು ಕುಡಿದ ಪಂಡಿತರು ಎಷ್ಟು ಮಂದಿ ಹುಟ್ಟಿಕೊಂಡರೆಂದರೆ, ಶಿಳ್ಳೆಗೆ ಯಾವಾಗ ಕಾಯಬೇಕು, ಯಾವಾಗ ಕಾಯಬೇಕಿಲ್ಲ ಎಂಬುದರ ಮೇಲೆ ಒಬ್ಬೊಬ್ಬರೂ ಭಾಷ್ಯ ಬರೆಯಬಲ್ಲವರಾಗಿದ್ದರು. ಸರಿಯಾಗಿ 15 ದಿನ ಕಳೆದು, ಗೋವಾದ ಫತೋರ್ಡಾದಲ್ಲಿ ಫೈನಲ್. ಎಟಿಕೆ ಮೋಹನ್ ಬಾಗಾನ್ ಎರಡು ಗೋಲನ್ನೂ ಪೆನಾಲ್ಟಿಯಲ್ಲೇ ಹೊಡೆಯಿತು. ಪಂದ್ಯ 2-2 ಸಮವಾಗಿ, ಶೂಟೌಟಿನಲ್ಲಿ ಬೆಂಗಳೂರು 4-3ರಿಂದ ಸೋತಿತು. ಸೋತ ಮೇಲೆ ಬೆಂಗಳೂರು ಕ್ಲಬ್ಬಿನ ಮಾಲೀಕರೇ ಬಹಿರಂಗವಾಗಿ ಅದರಲ್ಲೊಂದು ಪೆನಾಲ್ಟಿ ಪೆನಾಲ್ಟಿಯೇ ಅಲ್ಲ ಎಂದರು, ಈ ಲೀಗಿಗೆ ವಿಡಿಯೊ ರೆಫರಿ ಬೇಕೇ ಬೇಕು ಎಂದರು. ಎರಡು ವಾರದ ಹಿಂದೆ ರೆಫರಿಯ ಮಾತೇ ವೇದವಾಕ್ಯ ಎಂದಿದ್ದ ಅಭಿಮಾನಿಗಳು ಅಷ್ಟರಲ್ಲಿ ನಾಸ್ತಿಕರಾಗಿದ್ದರು.

ಇದನ್ನು ಬರೀ ಬೂಟಾಟಿಕೆ ಎಂದು ತಳ್ಳಿಹಾಕುವುದು ಸುಲಭ. ನನ್ನ ವಾದ ಅದಲ್ಲ. ರೆಫರಿಯ ಶಿಳ್ಳೆ ಒಂದು ಕಡೆಗೆ ವಾಲುತ್ತದೆ ಎಂಬ ಅಭಿಮಾನಿಯ ಗುಮಾನಿ ಬಹಳ ಮಟ್ಟಿಗೆ ನಿಜ. ಅಪರಾಧಿ ಯಾರು ಎಂಬ ಅವನ ತೀರ್ಮಾನ ಮಾತ್ರ ಸುಳ್ಳು. ಮದುವೆಮನೆಯ ಊಟಕ್ಕೆ ಕೂತವನಿಗೆ ಎದುರು ಪಂಕ್ತಿಗೆ ಹೋಳಿಗೆ ಎರಡೆರಡು ಬೀಳುತ್ತಿದೆ, ತನ್ನೆಲೆಗೆ ಬಂದಾಗ ತುಪ್ಪ ಮುಗಿದಿದೆ ಎಂದು ಕಾಣುತ್ತದಲ್ಲ, ಅದೇ ಅನುಮಾನ ಇದು. ಬಡಿಸುವವನು ಬೀಗರ ಕಡೆಯವನು ಎಂದು ಅವನು ಕೂತಲ್ಲೇ ತೀರ್ಪು ಕೊಡುತ್ತಾನೆ. ಬಡಿಸುವವನ ಕೈ ನಿಜಕ್ಕೂ ಒಂದು ಕಡೆ ಧಾರಾಳವಾಗಿರಬಹುದು. ಆದರೆ ಅದಕ್ಕೆ ಕಾರಣ ಬೀಗಸ್ತನವಲ್ಲ, ಆ ಪಂಕ್ತಿಯವರು ಗಟ್ಟಿಯಾಗಿ ಕರೆಯುತ್ತಿದ್ದಾರೆ, ಅಷ್ಟೆ.

ಮೊದಲು ಅಭಿಮಾನಿಯ ಕಣ್ಣಿನ ವಿಚಾರ. 1951ರ ನವೆಂಬರಿನಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ವಿದ್ಯಾಲಯಗಳ ನಡುವೆ ಒಂದು ಪಂದ್ಯ ನಡೆಯಿತು. ಅದು ಅಮೆರಿಕದವರ ಫುಟ್‌ಬಾಲ್, ಅಂದರೆ ಚೆಂಡಿಗೆ ಕಾಲು ತಾಗುವುದೇ ಅಪರೂಪವಾದದ್ದು. ಆದರೆ ಅಭಿಮಾನಿ ಎಲ್ಲ ಕಡೆಯೂ ಒಬ್ಬನೇ. ಆಟ ಒರಟಾಯಿತು. ಪ್ರಿನ್ಸ್‌ಟನ್ನಿನ ಮುಖ್ಯ ಆಟಗಾರನ ಮೂಗು ಮುರಿಯಿತು, ಡಾರ್ಟ್‌ಮತ್ತಿನವನೊಬ್ಬನ ಕಾಲು ಮುರಿಯಿತು. ಹ್ಯಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಎಂಬ ಇಬ್ಬರು ಮನೋವಿಜ್ಞಾನಿಗಳು ಆ ಪಂದ್ಯದ ಚಿತ್ರವನ್ನು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ತೋರಿಸಿ, ಕಂಡ ತಪ್ಪುಗಳನ್ನೆಲ್ಲ ಗುರುತು ಹಾಕಿ ಎಂದರು. ಡಾರ್ಟ್‌ಮತ್ತಿನ ತಪ್ಪುಗಳು ಡಾರ್ಟ್‌ಮತ್ ಹುಡುಗರಿಗೆ ಕಂಡಿದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಪ್ರಿನ್ಸ್‌ಟನ್ ಹುಡುಗರಿಗೆ ಕಂಡವು. ರೀಲು ಒಂದೇ, ಕಣ್ಣು ಬೇರೆ. 1954ರಲ್ಲಿ ಅಚ್ಚಾದ ಆ ಪ್ರಬಂಧದಲ್ಲಿ ಎಲ್ಲಕ್ಕಿಂತ ರುಚಿಯಾದದ್ದು ಡಾರ್ಟ್‌ಮತ್ತಿನ ಒಬ್ಬ ಹಳೆಯ ವಿದ್ಯಾರ್ಥಿಯ ಪ್ರಸಂಗ. ದೂರದೂರಿನಲ್ಲಿದ್ದ ಆತನಿಗೆ ಚಿತ್ರದ ಪ್ರತಿ ಕಳಿಸಿದ್ದರು. ತನ್ನ ತಂಡ ಭಾರಿ ಒರಟಾಟ ಆಡಿತೆಂದು ಕೇಳಿದ್ದ ಆತ ಎಷ್ಟು ಕಣ್ಣರಳಿಸಿ ನೋಡಿದರೂ ಆ ಒರಟಾಟ ಕಾಣಲಿಲ್ಲ. ಕೊನೆಗೆ, ಮುಖ್ಯ ಭಾಗವನ್ನು ಯಾರೋ ಕತ್ತರಿಸಿದ್ದಾರೆ, ಆ ತುಂಡನ್ನು ಕೂಡಲೇ ಅಂಚೆಯಲ್ಲಿ ಕಳಿಸಿ ಎಂದು ಆತ ತಂತಿ ಕೊಟ್ಟನಂತೆ; ರೀಲು ಜೋಡಿಸುವ ಸಲಕರಣೆ ತಮ್ಮಲ್ಲಿದೆ ಎಂಬ ಭರವಸೆಯೂ ತಂತಿಯಲ್ಲಿತ್ತು. ಆತ ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿ ಕಾಣದ್ದನ್ನು ಕಾಣಲಿಲ್ಲ ಎಂದ.

ಇಷ್ಟರಿಂದ ಅಭಿಮಾನಿಗೆ ಭ್ರಮೆ ಎಂದು ಫೈಲು ಮುಚ್ಚುವಂತಿಲ್ಲ. ರೆಫರಿಯ ಕಿವಿಯ ವಿಚಾರವೂ ಇದೆ, ಅಲ್ಲಿ ಸಾಕ್ಷ್ಯ ಅಭಿಮಾನಿಯ ಪರವಾಗಿದೆ. ಲಿವರ್‌ಪೂಲ್ ತನ್ನ ತವರಿನಲ್ಲಿ ಲೆಸ್ಟರ್ ಜೊತೆ ಆಡಿದ ಒಂದು ಪಂದ್ಯದ 47 ಸೆಣಸಾಟದ ತುಣುಕುಗಳನ್ನು ಇಂಗ್ಲೆಂಡಿನ ಸಂಶೋಧಕರು 40 ಮಂದಿ ಅರ್ಹ ರೆಫರಿಗಳಿಗೆ ತೋರಿಸಿದರು. ಕೆಲವರಿಗೆ ಪ್ರೇಕ್ಷಕರ ಗದ್ದಲದ ಸಮೇತ, ಉಳಿದವರಿಗೆ ಸದ್ದಿಲ್ಲದೆ. ಗದ್ದಲ ಕೇಳಿದವರು ತವರಿನ ತಂಡದ ವಿರುದ್ಧ ಕೊಟ್ಟ ಫೌಲುಗಳು, ಮೌನದಲ್ಲಿ ನೋಡಿದವರು ಕೊಟ್ಟದ್ದಕ್ಕಿಂತ ಶೇ 15.5ರಷ್ಟು ಕಡಿಮೆ ಇದ್ದವು. 2002ರಲ್ಲಿ ಪ್ರಕಟವಾದ ಅಧ್ಯಯನ ಅದು. ಅವರೆಲ್ಲ ಕೂತಿದ್ದದ್ದು ಟಿವಿಯ ಮುಂದೆ. ಯಾರೂ ಅವರತ್ತ ನೀರಿನ ಬಾಟಲಿ ಎಸೆಯುವ ಸಂಭವ ಇರಲಿಲ್ಲ. ಆದರೂ ಕೈ ತಡೆಯಿತು. ಸ್ಪೇನಿನ ಲೀಗಿನ ಅಂಕಿ ಹಿಡಿದು ಕೂತ ಅರ್ಥಶಾಸ್ತ್ರಜ್ಞರಿಗೆ ಇನ್ನೊಂದು ಸಂಗತಿ ಕಂಡಿತು. ತವರಿನ ತಂಡ ಒಂದು ಗೋಲಿನಿಂದ ಹಿಂದಿದ್ದರೆ ಕೊನೆಯಲ್ಲಿ ರೆಫರಿ ಸೇರಿಸುವ ನಿಮಿಷಗಳು, ಅದೇ ತಂಡ ಒಂದು ಗೋಲಿನಿಂದ ಮುಂದಿದ್ದಾಗ ಸೇರಿಸುವುದರ ಸರಿಸುಮಾರು ಎರಡರಷ್ಟು. ಗೋಲಿನ ಅಂತರ ಎರಡು ಮೂರಿದ್ದು ಫಲಿತಾಂಶ ಆಗಲೇ ತೀರ್ಮಾನವಾಗಿದ್ದರೆ ಈ ಔದಾರ್ಯ ಇರಲಿಲ್ಲ. ಲಂಚದ ವಾಸನೆ ಇಲ್ಲಿ ಎಲ್ಲೂ ಇಲ್ಲ. ಹತ್ತಾರು ಸಾವಿರ ಜನ ಒಂದೇ ಉಸಿರಿನಲ್ಲಿ ಕೂಗುವಾಗ ಅವರಿಗೆ ಬೇಸರವಾಗದಿರಲಿ ಎಂಬ, ನಮ್ಮ ನಿಮ್ಮಂಥವರಲ್ಲೂ ಇರುವ ದಾಕ್ಷಿಣ್ಯ ಅಷ್ಟೆ. ಕೊನೆಗೆ ಕೋವಿಡ್ ಬಂದು, ಯಾವ ವಿಜ್ಞಾನಿಯೂ ಏರ್ಪಡಿಸಲಾಗದ ಪ್ರಯೋಗವನ್ನು ಮಾಡಿಕೊಟ್ಟಿತು. 2020ರ ಮೇ ತಿಂಗಳಲ್ಲಿ ಜರ್ಮನಿಯ ಬುಂಡೆಸ್‌ಲೀಗ ಖಾಲಿ ಕ್ರೀಡಾಂಗಣಗಳಲ್ಲಿ ಮತ್ತೆ ಶುರುವಾದಾಗ ತವರಿನ ತಂಡಗಳ ಗೆಲುವು ಕಡಿಮೆಯಾಯಿತು. ಯುರೋಪಿನ ಹಲವು ಲೀಗುಗಳಲ್ಲಿ, ಹೊರಗಿನಿಂದ ಬಂದ ತಂಡಕ್ಕೆ ಹೆಚ್ಚು ಹಳದಿ ಕಾರ್ಡು ಬೀಳುವ ವಾಡಿಕೆಯೂ ಕರಗಿತು. ರೆಫರಿಗಳು ಅವರೇ, ನಿಯಮ ಅದೇ. ಇರದಿದ್ದವರು ನಾವು.

ಹಾಗಾದರೆ ಮೋಸದ ಆರೋಪಪಟ್ಟಿಯಲ್ಲಿ ಮೊದಲ ಹೆಸರು ಯಾರದು? ಕಂಠೀರವದ ಪಶ್ಚಿಮದ ಗ್ಯಾಲರಿಯಲ್ಲಿ ನಿಂತು ಹಾಡುವ ವೆಸ್ಟ್ ಬ್ಲಾಕ್ ಬ್ಲೂಸ್ ಬಳಗದ್ದು, ಕೊಚ್ಚಿಯಲ್ಲಿ ಹಳದಿ ಬಟ್ಟೆ ತೊಟ್ಟು ಭೋರ್ಗರೆಯುವ ಮಂಜಪ್ಪಡದ್ದು. ಇಬ್ಬರೂ ತಂತಮ್ಮ ಊರಿನಲ್ಲಿ ರೆಫರಿಯ ಕಿವಿ ತುಂಬುತ್ತಾರೆ, ಪರವೂರಿಗೆ ಹೋದಾಗ ಅವನ ಕಿವಿ ತುಂಬಿದೆ ಎಂದು ದೂರುತ್ತಾರೆ. ಒಂದು ಸಣ್ಣ ಪರೀಕ್ಷೆ ಮಾಡಿನೋಡಬಹುದು. ನಿಮ್ಮ ತಂಡ ರೆಫರಿಯ ಕೃಪೆಯಿಂದಲೇ ಗೆದ್ದ ಒಂದು ಪಂದ್ಯ ಹೇಳಿ ಎಂದು ಯಾವ ಅಭಿಮಾನಿಯನ್ನಾದರೂ ಕೇಳಿ. ಆತ ಆಕಾಶ ನೋಡುತ್ತಾನೆ. ನಿಮ್ಮನ್ನು ಸೋಲಿಸಿದ ಪಂದ್ಯ ಹೇಳಿ ಎಂದರೆ ತಾರೀಖು, ನಿಮಿಷ, ಲೈನ್ಸ್‌ಮನ್ ನಿಂತಿದ್ದ ಜಾಗದ ಸಮೇತ ಹೇಳುತ್ತಾನೆ. ಸ್ಪೇನಿನಲ್ಲಿ ಇದು ಪರಾಕಾಷ್ಠೆಗೆ ಹೋಗಿದೆ. ಅಲ್ಲಿಯ ಕಪ್ಪುಗಳಲ್ಲಿ ಬಹುಪಾಲನ್ನು ಹಂಚಿಕೊಂಡಿರುವ ರಿಯಲ್ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾ ಎರಡರ ಅಭಿಮಾನಿಗಳೂ ರೆಫರಿಗಳು ತಮ್ಮ ವಿರುದ್ಧ ಎಂದು ನಂಬುತ್ತಾರೆ. ಮ್ಯಾಡ್ರಿಡ್ ಕ್ಲಬ್ಬಿನ ಸ್ವಂತ ಟಿವಿ ಚಾನೆಲ್ಲು ಪಂದ್ಯಕ್ಕೆ ಮುಂಚೆಯೇ ರೆಫರಿಯ ಹಳೆಯ ತಪ್ಪುಗಳ ಸರಮಾಲೆ ತೋರಿಸುತ್ತದೆ. ಇಬ್ಬರನ್ನೂ ಇಷ್ಟು ವರ್ಷ ತುಳಿದ ಮೇಲೂ ಕಪ್ಪುಗಳು ಅವರ ಮನೆಗೇ ಹೋಗುತ್ತಿವೆ ಎಂದರೆ, ಆ ರೆಫರಿಗಳಷ್ಟು ಕೈಲಾಗದ ಸಂಚುಗಾರರು ಲೋಕದಲ್ಲಿಲ್ಲ.

ಇಲ್ಲಿ ಒಬ್ಬ ಓದುಗ ಎದ್ದು ನಿಂತು, ನಿಜವಾದ ಮೋಸ ನಡೆದೇ ಇಲ್ಲವೇ ಎಂದು ಕೇಳುತ್ತಾನೆ. ನಡೆದಿದೆ. ಇಟಲಿಯಲ್ಲಿ 2006ರಲ್ಲಿ ಹೊರಬಿದ್ದ ಹಗರಣದಲ್ಲಿ, ರೆಫರಿಗಳ ನೇಮಕದಲ್ಲಿ ಕೈಯಾಡಿಸಿದ ಆರೋಪದ ಮೇಲೆ ಯುವೆಂಟಸ್ ಎರಡು ಲೀಗ್ ಪ್ರಶಸ್ತಿ ಕಳೆದುಕೊಂಡು ಕೆಳಗಿನ ದರ್ಜೆಗೆ ಇಳಿಯಿತು. ಜರ್ಮನಿಯ ರಾಬರ್ಟ್ ಹಾಯ್ಜರ್ ಎಂಬ ರೆಫರಿ ಪಂದ್ಯಗಳನ್ನು ತಿರುಚಿ 2005ರಲ್ಲಿ ಜೈಲುಶಿಕ್ಷೆಗೆ ಗುರಿಯಾದ. ಅವನಿಗೆ ಸಿಕ್ಕದ್ದು ದುಡ್ಡು ಮತ್ತು ಒಂದು ಪ್ಲಾಸ್ಮಾ ಟಿವಿ. ಆದರೆ ಇವು ಬಯಲಾದ ಬಗೆ ನೋಡಿ. ಇಟಲಿಯಲ್ಲಿ ಕದ್ದು ಕೇಳಿದ ಫೋನ್ ಮಾತುಗಳಿಂದ, ಜರ್ಮನಿಯಲ್ಲಿ ಹಾಯ್ಜರನ ಸಹೋದ್ಯೋಗಿ ರೆಫರಿಗಳೇ ಅನುಮಾನ ಬಂದು ದೂರಿದ್ದರಿಂದ. ಗ್ಯಾಲರಿಯ ಕೂಗಿನಿಂದ ಯಾವುದೂ ಸಿಕ್ಕಿಬೀಳಲಿಲ್ಲ. ಪ್ರತಿ ಪಂದ್ಯದಲ್ಲೂ ಕಳ್ಳ ಕಳ್ಳ ಎಂದು ಕೂಗಿದವನ ಬಳಿ ನಿಜವಾದ ಕಳ್ಳ ಬಂದ ದಿನ ಬೇರೆ ಕೂಗು ಉಳಿದಿರುವುದಿಲ್ಲ. ಇನ್ನೊಂದು ಮಾತು: ಹಾಯ್ಜರ್ ಯಾವ ತಂಡವನ್ನೂ ಪ್ರೀತಿಸಿ ಮೋಸ ಮಾಡಲಿಲ್ಲ, ದ್ವೇಷಿಸಿಯೂ ಅಲ್ಲ. ಅವನು ಆಡಿದ್ದು ಬಾಜಿಕೋರರ ಪರವಾಗಿ. ನಮ್ಮ ತಂಡವನ್ನೇ ಆರಿಸಿ ದ್ವೇಷಿಸುವಷ್ಟು ಪುರಸೊತ್ತು ಭ್ರಷ್ಟರಿಗೂ ಇಲ್ಲ ಎಂಬುದು ಅಭಿಮಾನಿಯ ಮನಸ್ಸಿಗೆ ತೀರ ನೋವು ಕೊಡುವ ಸತ್ಯ.

ಸ್ಕಾಟ್ಲೆಂಡಿನ ಸೆಲ್ಟಿಕ್ ಅಭಿಮಾನಿಗಳು ಇದನ್ನು ಒಪ್ಪಲಾರರು, ಅವರ ಕೈಯಲ್ಲಿ ದಾಖಲೆ ಇದೆ. 2010ರ ಅಕ್ಟೋಬರಿನಲ್ಲಿ ಡಂಡಿ ಯುನೈಟೆಡ್ ಜೊತೆಗಿನ ಪಂದ್ಯದಲ್ಲಿ ರೆಫರಿ ಅವರಿಗೆ ಪೆನಾಲ್ಟಿ ಕೊಟ್ಟು, ಮರುಗಳಿಗೆ ಹಿಂದಕ್ಕೆ ಪಡೆದರು. ಯಾಕೆ ಹಿಂದಕ್ಕೆ ಪಡೆದರೆಂದು ಆಮೇಲೆ ಹೇಳಿದ ಕಥೆ ಸುಳ್ಳೆಂದು ಸಾಬೀತಾಯಿತು, ರೆಫರಿ ನಿವೃತ್ತರಾದರು. ನೋಡಿದಿರಾ ಎಂದು ಸೆಲ್ಟಿಕ್‌ನವರು ಎದೆ ಸೆಟೆಸಿದರು. ವಿಚಿತ್ರವೆಂದರೆ ಅದು ಪೆನಾಲ್ಟಿ ಆಗಿರಲಿಲ್ಲ, ತೀರ್ಪು ಸರಿಯಾಗಿಯೇ ಇತ್ತು. ಪಂದ್ಯವನ್ನು 2-1ರಿಂದ ಗೆದ್ದದ್ದೂ ಸೆಲ್ಟಿಕ್ಕೇ. ಸರಿಯಾದ ತೀರ್ಪಿಗೆ ಸುಳ್ಳು ಕಾರಣ ಕೊಟ್ಟದ್ದು ಅಪರಾಧ. ಬೈಗುಳ ತಾಳಲಾರದೆ ನವೆಂಬರ್ ಕೊನೆಗೆ ಅಲ್ಲಿನ ರೆಫರಿಗಳು ಮುಷ್ಕರ ಹೂಡಿದರು. ಪಂದ್ಯ ನಡೆಸಲು ಇಸ್ರೇಲ್, ಮಾಲ್ಟಾ, ಲಕ್ಸೆಂಬರ್ಗ್‌ಗಳಿಂದ ರೆಫರಿಗಳನ್ನು ತರಿಸಬೇಕಾಯಿತು.

ಯಂತ್ರ ತಂದರೆ ಜಗಳ ಮುಗಿಯುತ್ತದೆ ಎಂಬುದು ಎರಡನೆಯ ಆಕ್ಷೇಪ. 2018ರ ವಿಶ್ವಕಪ್ಪಿಗೂ ವಿಡಿಯೊ ರೆಫರಿ, ಅಂದರೆ ವಿಎಆರ್, ಬಂದಾಯಿತು. 2023ರ ಸೆಪ್ಟೆಂಬರ್ 30ರಂದು ಟಾಟನ್‌ಹ್ಯಾಮ್ ವಿರುದ್ಧ ಲಿವರ್‌ಪೂಲಿನ ಲೂಯಿಸ್ ಡಿಯಾಜ್ ಗೋಲು ಹೊಡೆದರು, ಲೈನ್ಸ್‌ಮನ್ ಆಫ್‌ಸೈಡ್ ಎಂದರು. ಪರದೆಯ ಮುಂದೆ ಕೂತವರಿಗೆ ಆಫ್‌ಸೈಡ್ ಅಲ್ಲವೆಂದು ಸ್ಪಷ್ಟವಾಗಿ ಕಂಡಿತು. ಆದರೆ ಮೈದಾನದಲ್ಲಿ ಗೋಲು ಕೊಟ್ಟಿದ್ದಾರೆಂದೇ ಅವರು ತಿಳಿದಿದ್ದರು; ಪರಿಶೀಲನೆ ಮುಗಿಯಿತು, ಎಲ್ಲ ಸರಿ ಎಂದರು. ಸರಿಯಾದ ಗೋಲು ಹೋಯಿತು. ಮೊದಲು ಮೈದಾನದಲ್ಲಿ ಒಬ್ಬನ ಮೇಲಿದ್ದ ಅನುಮಾನ ಈಗ ಕೋಣೆಯಲ್ಲಿ ಕೂತವರ ಮೇಲೂ ಹಬ್ಬಿದೆ. 2024ರ ಏಪ್ರಿಲ್‌ನಲ್ಲಿ ಎವರ್ಟನ್ ಎದುರು 2-0ರಿಂದ ಸೋತ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕ್ಲಬ್ಬು, ತನಗೆ ಮೂರು ಪೆನಾಲ್ಟಿ ತಪ್ಪಿಸಿದರೆಂದೂ, ವಿಎಆರ್ ನಡೆಸಿದವರು ಅಂಕಪಟ್ಟಿಯಲ್ಲಿ ತಮ್ಮ ಪ್ರತಿಸ್ಪರ್ಧಿಯಾದ ಲೂಟನ್ ತಂಡದ ಅಭಿಮಾನಿಯೆಂದೂ ಅಧಿಕೃತವಾಗಿಯೇ ಸಾರಿತು. ಸಾರಿದ್ದಕ್ಕೆ 7,50,000 ಪೌಂಡ್ ದಂಡ ತೆತ್ತಿತು.

ತೀರ್ಪುಗಾರನಿಗೆ ಒಲವಿದೆ ಎಂದ ಮಾತ್ರಕ್ಕೆ ತೀರ್ಪು ತಪ್ಪಾಗಬೇಕಿಲ್ಲ ಎಂಬುದಕ್ಕೆ ನಮ್ಮಲ್ಲಿ ಇದಕ್ಕಿಂತ ಬಹಳ ಹಳೆಯ ಮೊಕದ್ದಮೆ ಇದೆ. ಭೀಮ ದುರ್ಯೋಧನರ ಗದಾಯುದ್ಧದಲ್ಲಿ ನಾಭಿಯ ಕೆಳಗೆ ಹೊಡೆಯುವಂತಿಲ್ಲ ಎಂಬುದು ನಿಯಮ. ಭೀಮ ತೊಡೆಗೆ ಹೊಡೆದ. ನೋಡುತ್ತಿದ್ದ ಬಲರಾಮ ಇಬ್ಬರಿಗೂ ಗುರು, ಆದರೆ ದುರ್ಯೋಧನನ ಮೇಲೆ ಮಮತೆ ಹೆಚ್ಚೆಂಬುದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಫೌಲ್ ಎಂದು ನೇಗಿಲೆತ್ತಿಕೊಂಡು ಎದ್ದ. ಪಕ್ಷಪಾತಿಯಾದ ಆ ರೆಫರಿ ಕೊಟ್ಟ ತೀರ್ಪು ನಿಯಮಕ್ಕೆ ಅಕ್ಷರಶಃ ಸರಿಯಾಗಿತ್ತು. ಕೃಷ್ಣ ಪ್ರತಿಜ್ಞೆ, ಶಾಪ ಎಂದು ಹಳೆಯ ದಾಖಲೆಗಳನ್ನೆಲ್ಲ ತೆಗೆದು ವಾದಿಸಿ ಅದನ್ನು ಬದಿಗೆ ಸರಿಸಿದ. ಪಾಂಡವರ ಅಭಿಮಾನಿಗಳು ಇವತ್ತಿಗೂ ಕೃಷ್ಣನೇ ಸರಿ ಎನ್ನುತ್ತಾರೆ. ರನ್ನನನ್ನು ಓದಿದವರು ಅಷ್ಟು ಬೇಗ ಒಪ್ಪುವುದಿಲ್ಲ.

ಹೀಗಿರುವಾಗ ಅಭಿಮಾನಿಗೆ ಬಾಯಿ ಮುಚ್ಚಿಕೊಂಡು ಕೂರು ಎನ್ನಲು ನಾನು ಸಿದ್ಧನಿಲ್ಲ. ಖಾಲಿ ಕ್ರೀಡಾಂಗಣದ ನ್ಯಾಯಯುತ ಫುಟ್‌ಬಾಲನ್ನು 2020ರಲ್ಲಿ ನೋಡಿಯಾಗಿದೆ, ಅದನ್ನು ಎರಡನೇ ಸಲ ನೋಡುವ ಆಸೆ ಯಾರಿಗೂ ಇದ್ದಂತಿಲ್ಲ. ಆದ್ದರಿಂದ ಕಂಠೀರವಕ್ಕೆ ಹೋದರೆ ಗಂಟಲು ಹರಿಯುವಂತೆ ಕೂಗಿ. ಆ ಕೂಗಿಗೆ ಮೆತ್ತಗಾಗಿ ರೆಫರಿ ನಮ್ಮ ಕಡೆಗೊಂದು ಫ್ರೀ ಕಿಕ್ ಕೊಟ್ಟರೆ ಸಂತೋಷವಾಗಿ ತೆಗೆದುಕೊಳ್ಳಿ. ಎದುರು ಗ್ಯಾಲರಿಯ ಮಲಯಾಳಿ ಮೋಸ ಮೋಸ ಎಂದು ಎದ್ದು ನಿಂತಾಗ ಮಾತ್ರ ಅವನ ಜೊತೆ ವಾದಕ್ಕೆ ಇಳಿಯಬೇಡಿ. ಮುಂದಿನ ತಿಂಗಳು ಕೊಚ್ಚಿಯಲ್ಲಿ ಅದೇ ಮಾತು ನಿಮಗೆ ಬೇಕಾಗುತ್ತದೆ.